ಟೆನ್ಶನ್ ತಗೋಬ್ಯಾಡ ಅಂದವರು

ಮಗುವಿಗಾಗಿ ಕಾದ ಆ ವರ್ಷಗಳಲ್ಲಿ ನನ್ನ ಮೈ ಉರಿಸಿದ ಮಾತು ಒಂದೇ: "ಟೆನ್ಶನ್ ತಗೋಬ್ಯಾಡ." ಅತ್ತೆ ಹೇಳುತ್ತಿದ್ದರು. ರಾಯಚೂರಿನಿಂದ ಫೋನ್ ಮಾಡಿದಾಗಲೆಲ್ಲ ನನ್ನ ಅವ್ವ ಹೇಳುತ್ತಿದ್ದಳು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಹಿರಿಯ ಮೇಡಂ ಹೇಳುತ್ತಿದ್ದರು. ಕಡೆಗೆ ಮೆಡಿಕಲ್ ಶಾಪಿನವನೂ ಗುಳಿಗೆ ಕೊಡುತ್ತಾ, "ಟೆನ್ಶನ್ ಬಿಡ್ರಿ ಅಕ್ಕಾರ, ತಾನಾಗೇ ಆಗ್ತದ" ಅಂದಿದ್ದ. ನಾನು ಅವನನ್ನು ಏನೂ ಕೇಳಿರಲಿಲ್ಲ.

ಟೆನ್ಶನ್ ಕೊಡುತ್ತಿದ್ದವರೂ ಇವರೇ. ತಿಂಗಳು ತುಂಬುತ್ತಾ ಬಂದಂತೆ ನನ್ನ ಹೊಟ್ಟೆಯ ಮೇಲೆ ಕಣ್ಣು. "ಈ ಸಲ ಏನರ ಸುದ್ದಿ ಅದ?" ಅಂತ ವಿಚಾರಣೆ. ಇಲ್ಲ ಅಂದ ಕೂಡಲೇ ತಲೆ ಸವರಿ, ಅದೇ ಮಾತು. ಮುಳ್ಳು ಚುಚ್ಚಿ ಅಳಬೇಡ ಅನ್ನುವವರ ಹಾಗೆ.

ನಮ್ಮ ಮನೆ ಮಾನ್ವಿಯಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮೂರೇ ಜನ. ಗಂಡ ಅಲ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಭತ್ತ ಬೇಯಿಸುವ ಉಗಿ ಅಲ್ಲಿಂದಲೇ ಬರಬೇಕು, ಹಾಗಾಗಿ ಇಡೀ ಪಾಳಿ ಆ ಬೆಂಕಿಯ ಮುಂದೆ ನಿಂತಿರಬೇಕು. ನಾನು ಯರಗೇರಾ ಕ್ಯಾಂಪಸ್ಸಿನಲ್ಲಿ ಎಂ.ಎ. ಮಾಡಿ, ದೇವದುರ್ಗದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು ಸಿರವಾರ ದಾಟಿ ಹೋದರೆ ಮನೆಗೆ ಬರುವುದು ಸಂಜೆ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ. ರಜೆ ಕೇಳಿದ ದಿನ ಗೊತ್ತಾಗುತ್ತದೆ ನಾವು ಎಂಥ ಅತಿಥಿಗಳು ಅಂತ.

ಮದುವೆಯಾಗಿ ಎರಡು ವರ್ಷ ಆಗುವುದರೊಳಗೆ ನನಗೆ ಎಲ್ಲ ತಪಾಸಣೆಗಳೂ ಆಗಿದ್ದವು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಮತ್ತೆ ಸ್ಕ್ಯಾನ್ ಮಾಡಿದರು. ಗರ್ಭನಾಳ ತೆರೆದಿದೆಯೋ ಇಲ್ಲವೋ ನೋಡಲು ಒಳಗೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ಆ ನೋವಿಗೆ ನಾನು ಟೇಬಲ್ಲಿನ ಅಂಚು ಹಿಡಿದು ಹಲ್ಲು ಕಚ್ಚಿದ್ದೆ. ಹೊರಗೆ ಬಂದರೆ ಗಂಡ ಗಾಡಿಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು. ಅವರ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಕಾರಣವಿರಲಿಲ್ಲ. ಒಳಗೆ ಬರ್ರಿ ಅಂತ ಅವರನ್ನು ಯಾರೂ ಕರೆದಿರಲಿಲ್ಲ.

ತಪಾಸಣೆ ಮಾಡಿಸಿದ ಡಾಕ್ಟರು ರಿಪೋರ್ಟುಗಳನ್ನು ಸರಸರನೆ ತಿರುವಿ, "ಎಲ್ಲಾ ನಾರ್ಮಲ್ ಅದರಿ. ನೀವು ಭಾಳ ಯೋಚನಿ ಮಾಡ್ತೀರಿ. ಟೆನ್ಶನ್ ಬಿಟ್ಟುಬಿಡ್ರಿ, ಆಗ್ತದ" ಅಂದರು.

ಎಲ್ಲ ಸರಿಯಿದೆ, ನಾನೊಬ್ಬಳೇ ಸರಿಯಿಲ್ಲ ಅಂದ ಹಾಗಾಯಿತು. ಅವತ್ತಿನಿಂದ ಮನೆಯಲ್ಲಿ ಅದೇ ತೀರ್ಪು ನಿಂತಿತು. ಅತ್ತೆ ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು, "ಓದಿ ಓದಿ ತಲಿ ಬಿಸಿ ಮಾಡ್ಕೋತೀ, ಅದಕ್ಕೇ ಬಸಿರು ನಿಲ್ಲವಲ್ದು" ಅನ್ನುತ್ತಿದ್ದರು. ಕೆಲಸ ಬಿಡು ಅಂದರು. ಪಪ್ಪಾಯ ತಿನ್ನಬೇಡ, ಖಾರ ತಿನ್ನಬೇಡ, ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂಡಬೇಡ. ಇವುಗಳ ಮಧ್ಯೆ ನಾನು ಖುಷಿಯಾಗಿಯೂ ಇರಬೇಕಿತ್ತು.

ನಾನೂ ಪ್ರಯತ್ನಿಸಿದೆ. ಮೊಬೈಲಿನಲ್ಲಿ ನೋಡಿ ಉಸಿರಾಟದ ವ್ಯಾಯಾಮ ಮಾಡಿದೆ. ಮೂಗಿನಲ್ಲಿ ಉಸಿರೆಳೆದು, ಮನಸ್ಸು ಹಗುರಾಯಿತೇ ಅಂತ ನನ್ನನ್ನೇ ಕೇಳಿಕೊಳ್ಳುವುದು. ಹಗುರಾಗಿರುತ್ತಿರಲಿಲ್ಲ. ಇವತ್ತೂ ಟೆನ್ಶನ್ ಆಯಿತಲ್ಲ, ಇನ್ನು ಈ ತಿಂಗಳೂ ಹೋಯಿತು ಅಂತ ಹೊಸದಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ದೇವದುರ್ಗದಲ್ಲಿ ಪಾಠ ಮಾಡುತ್ತಾ ಮಾಡುತ್ತಾ ಮುಂದಿನ ಮಾತು ಮರೆತುಹೋಯಿತು. ಸೀಮೆಸುಣ್ಣ ಹಿಡಿದು ಬೋರ್ಡಿಗೆ ಮುಖ ಮಾಡಿ ನಿಂತೆ. ಹುಡುಗಿಯರು ಪಿಸುಗುಟ್ಟುವುದು ಕೇಳಿಸಿತು. ಅವರಿಗೂ ಗೊತ್ತಿತ್ತು ಅನ್ನಿಸಿ ನಾಚಿಕೆಯಾಯಿತು. ಈಗ ಯೋಚಿಸಿದರೆ, ನಾನೇಕೆ ನಾಚಬೇಕಿತ್ತು ಅಂತ ಹೊಟ್ಟೆ ಉರಿಯುತ್ತದೆ.

ಗಂಡನ ತಂಗಿಯನ್ನು ಕಲ್ಲೂರಿಗೆ ಕೊಟ್ಟಿತ್ತು. ಅವಳಿಗೆ ಗಂಡುಮಗುವಾಗಿ, ತೊಟ್ಟಿಲಿಗೆ ಹಾಕುವ ದಿನ ನಾವೆಲ್ಲ ಹೋದೆವು. ಅವತ್ತೇ ಬೆಳಿಗ್ಗೆ ನಾನು ಮುಟ್ಟಾಗಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಅದೇ ಸುದ್ದಿ, ಅದೇ ಮುಖಗಳು. ಗುಳಿಗೆ ನುಂಗಿ, ಹೊಸ ಸೀರೆ ಉಟ್ಟು, ಹೆಂಗಸರ ನಡುವೆ ಕೂತೆ.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಕೂಸಿನ ಹಾಗೆ ಶೃಂಗಾರ ಮಾಡಿ ಮಲಗಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಅದು ನನಗೆ ಹೊಸದಲ್ಲ. ಆದರೆ ಅವತ್ತು ಶಾಸ್ತ್ರ ಮುಗಿದ ಮೇಲೆ ಮನೆಯ ಹಿರಿಯ ಹೆಂಗಸೊಬ್ಬಳು, ನಾದಿನಿಯ ಗಂಡನ ಸೋದರತ್ತೆ, ಆ ಕಲ್ಲನ್ನು ಎತ್ತಿ ತಂದು ನನ್ನ ಉಡಿಯಲ್ಲಿ ಇಟ್ಟಳು.

"ತೂಗು ಬೇ, ತೂಗು" ಅಂದಳು. "ಇದನ್ನ ತೂಗಿದವರಿಗೆ ವರ್ಷದಾಗ ಹುಟ್ಟ್ಯಾವ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಯಾರೋ ಜೋಗುಳ ಎತ್ತಿದರು. ಯಾರೋ ಮೊಬೈಲ್ ಎತ್ತಿದರು. ನಮ್ಮ ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು, "ಆಕಿಗೆ ಭಾಳ ಟೆನ್ಶನ್ ಆಗ್ಯದ್ರವ್ವಾ, ಎಲ್ಲಾರೂ ಆಶೀರ್ವಾದ ಮಾಡ್ರಿ" ಅಂದರು. ಒಳಗೆ ರಕ್ತ ಹೋಗುತ್ತಿದೆ, ಸೊಂಟ ಸೀಳುತ್ತಿದೆ, ನಾನು ನಲವತ್ತು ಜನರ ಮುಂದೆ ಕಲ್ಲನ್ನು ತೂಗಬೇಕು. ಎರಡು ಸಲ ತೂಗಿದೆ ಕೂಡ. ಅದು ನೆನಪಾದರೆ ಇನ್ನೂ ಸಿಟ್ಟು ಬರುತ್ತದೆ.

ಮೂರನೆಯ ಸಲಕ್ಕೆ ಕೈ ನಿಂತಿತು. ಕಲ್ಲನ್ನು ಕೆಳಗಿಟ್ಟು ಎದ್ದೆ.

"ಯಾಕ ಬೇ, ಏನಾತು?" ಅಂದಳು ಆ ಹೆಂಗಸು.

"ಏನಿಲ್ರಿ. ನನಗ ಇದು ಬ್ಯಾಡ" ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಜೋಗುಳ ನಿಂತುಹೋಯಿತು.

ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬಸ್ ಸ್ಟಾಪಿಗೆ ನಡೆದೆ. ಕಲ್ಲೂರಿನಿಂದ ಈ ಕಡೆ ಹೋದರೆ ಮಾನ್ವಿ, ಆ ಕಡೆ ಹೋದರೆ ರಾಯಚೂರು. ಮೊದಲು ರಾಯಚೂರಿನ ಬಸ್ಸು ಬಂತು. ಹತ್ತಿದೆ.

ಅವ್ವ ಬಾಗಿಲು ತೆಗೆದು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಅಂತ ನೋಡಿದಳು. ನಮ್ಮಪ್ಪ ಶಾಲಾ ಮಾಸ್ತರರಾಗಿದ್ದವರು. ಹರಕೆ, ಶಾಸ್ತ್ರ ಎಲ್ಲ ಬಿಟ್ಟು ಮನೆಯಲ್ಲಿ ಬುದ್ಧನ ಮೂರ್ತಿ ಇಟ್ಟವರು. ಅವರು ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಇದ್ದಳು. ಅವಳಾದರೂ ನನ್ನ ಕಡೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಎಲ್ಲ ಕೇಳಿ ಅವಳು ಅಂದದ್ದು, "ಎದ್ದು ಬರಬಾರದಾಗಿತ್ತು ಬೇ. ನಾಳೆ ಹೋಗಿ ತಪ್ಪಾತು ಅನ್ನು. ನೀ ಹಿಂಗ ಟೆನ್ಶನ್ ತಗೊಂಡ್ರ..."

"ಯವ್ವಾ, ಆ ಮಾತು ಇನ್ನೊಮ್ಮೆ ಅಂದ್ರ ಈ ಮನಿಗೂ ಬರೂದಿಲ್ಲ ನಾನು."

ಅವ್ವ ಸ್ವಲ್ಪ ಹೊತ್ತು ಬಿಟ್ಟು ಬಿಸಿನೀರಿನ ಬಾಟಲಿ ತಂದು ನನ್ನ ಸೊಂಟಕ್ಕೆ ಇಟ್ಟಳು. ಮಾತಿಲ್ಲದೆ ಅಷ್ಟು ಮಾಡಿದ್ದಕ್ಕೆ ನನಗೆ ಅಳು ಬಂತು.

ಸಂಜೆಗೆ ಗಂಡ ಬಂದರು. ಕಲ್ಲೂರಿನಿಂದ ನೇರವಾಗಿ ಗಾಡಿಯಲ್ಲಿ ಬಂದಿದ್ದರು. ಬಾಗಿಲಲ್ಲೇ ನಿಂತು, "ಎಲ್ಲಾರ ಮುಂದ ಮರ್ಯಾದಿ ಹೋತು. ನಾ ಏನ್ ತಪ್ಪು ಮಾಡೀನಿ ಹೇಳು" ಅಂದರು.

"ನೀವು ತಪ್ಪು ಮಾಡಿಲ್ರಿ. ನಿಮ್ಮನ್ನ ಯಾರೂ ಏನೂ ಕೇಳೇ ಇಲ್ಲ, ಅದ ನನ್ನ ಸಿಟ್ಟು" ಅಂದೆ. "ನನ್ನ ರಕ್ತ ತಗೊಂಡಾರ, ಹೊಟ್ಟಿ ಒಳಗೆಲ್ಲಾ ನೋಡ್ಯಾರ, ಉಡಿಯಾಗ ಕಲ್ಲೂ ಇಟ್ಟಾರ. ನಿಮಗ ಒಂದು ಸೂಜಿ ಚುಚ್ಚ್ಯಾರೇನು? ಕೂಸು ನನಗೊಬ್ಬಾಕಿಗೇ ಆಗೂದೇನು?"

"ನನಗೇನಾಗ್ಯದ? ಗಟ್ಟಿಮುಟ್ಟ ಅದೀನಿ" ಅಂದರು.

"ಗಟ್ಟಿಮುಟ್ಟ ಇದ್ರ ಅಂಜಿಕಿ ಯಾಕ? ನಾಳೆ ನನ್ನ ಜೊತಿ ಡಾಕ್ಟರ ಹತ್ರ ಬರ್ರಿ. ಬರದಿದ್ರ ನಾ ಮಾನ್ವಿಗೆ ಬರೂದಿಲ್ಲ."

ಮರುದಿನ ಅವರು ಬಂದರು. ನನ್ನ ಮೇಲಿನ ಪ್ರೀತಿಗೋ, ಹೆಂಡತಿ ಮನೆಗೆ ಬರಲಿಲ್ಲ ಅಂತ ಮಿಲ್ಲಿನವರಿಗೆ ಹೇಗೆ ಹೇಳುವುದು ಅನ್ನುವ ಚಿಂತೆಗೋ, ನಾನು ಕೇಳಲಿಲ್ಲ.

ರಾಯಚೂರಿನ ಈ ಡಾಕ್ಟರು ಬೇರೆಯವರು, ವಯಸ್ಸಾದ ಹೆಂಗಸು. ನನ್ನ ಮೊಬೈಲಿನಲ್ಲಿದ್ದ ರಿಪೋರ್ಟುಗಳ ಫೋಟೊ ನೋಡಿ, ಮೊಬೈಲ್ ಪಕ್ಕಕ್ಕಿಟ್ಟು, ನನ್ನ ಗಂಡನ ಕಡೆ ತಿರುಗಿದರು. "ನೀವು ಏನ್ ಕೆಲಸ ಮಾಡ್ತೀರಿ?"

"ರೈಸ್ ಮಿಲ್ಲಿನಾಗ ಬಾಯ್ಲರ್ ನೋಡ್ತೀನ್ರಿ."

"ಬೆಂಕಿ ಮುಂದ?"

"ಹೌದ್ರಿ."

"ಎಷ್ಟು ವರ್ಷ ಆತು?"

ಒಂದು ಪ್ರಶ್ನೆಯ ಹಿಂದೆ ಇನ್ನೊಂದು ಬಂತು. ಎಲ್ಲಾ ಸರಳ ಪ್ರಶ್ನೆಗಳು. ಎರಡು ವರ್ಷದಲ್ಲಿ ಅವನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಕುದಿಯುತ್ತಿದ್ದೆ. ಆಮೇಲೆ ಗಂಡನ ತಪಾಸಣೆಯಾಯಿತು. ವೀರ್ಯಾಣುಗಳು ಕಡಿಮೆ ಇದ್ದವು. ವೃಷಣದ ಒಂದು ಕಡೆ ನರ ಉಬ್ಬಿಕೊಂಡಿತ್ತು. ಸಣ್ಣ ಆಪರೇಷನ್ ಮಾಡಬಹುದು, ಕಾವಿಗೆ ವೀರ್ಯಾಣುಗಳು ಕಡಿಮೆಯಾಗುತ್ತವೆ, ಬೆಂಕಿಯ ಮುಂದಿನ ಕೆಲಸ ಬಿಟ್ಟರೆ ಒಳ್ಳೆಯದು, ಆಗಲೂ ಖಾತ್ರಿ ಹೇಳಲಾಗುವುದಿಲ್ಲ ಅಂತ ಡಾಕ್ಟರು ವಿವರಿಸಿದರು. ಗಂಡ ಕೈ ಕಟ್ಟಿ ಕೇಳಿದರು.

ನಾನು ಕೇಳಲೇಬೇಕಿದ್ದ ಪ್ರಶ್ನೆ ಕೇಳಿದೆ. "ಮೇಡಂ, ನನ್ನ ಟೆನ್ಶನ್‌ನಿಂದ ಕೂಸು ಆಗಿಲ್ಲ ಅಂತ ಎಲ್ಲಾರೂ ಅಂತಾರ. ಹೌದೇನ್ರಿ?"

ಅವರು ಕನ್ನಡಕ ತೆಗೆದರು. "ಟೆನ್ಶನ್ ಇದ್ದವರಿಗೂ ಮಕ್ಕಳಾಗ್ತಾವ, ಇಲ್ಲದವರಿಗೂ ಒಮ್ಮೊಮ್ಮೆ ಆಗಂಗಿಲ್ಲ. ಕೂಸು ಆಗಿಲ್ಲಂದ್ರ ಟೆನ್ಶನ್ ಆಗೂದು ಸಹಜ ಅದ. ನಿದ್ದಿ ಬರವಲ್ದು, ಎದಿ ಹೊಡಕೊಳ್ತದ ಅಂದ್ರಲ್ಲ, ಅದಕ್ಕ ಬ್ಯಾರೆ ಸಹಾಯ ಮಾಡೋಣ. ಕೂಸಿನ ಸಲುವಾಗಿ ಅಲ್ಲ, ನೀವು ನೆಟ್ಟಗ ಇರಬೇಕಲ್ಲ ಅದಕ್ಕ."

ನನ್ನ ಸಲುವಾಗಿ ನಾನು ನೆಟ್ಟಗಿರಬೇಕು ಅಂದವರು ಅವರೊಬ್ಬರೇ. ಅವರು ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ನಾನು ಹೇಳುವುದನ್ನೆಲ್ಲ ಆಕೆ ಅಡ್ಡ ಬಾಯಿ ಹಾಕದೆ ಕೇಳಿ, "ನಿಮಗ ತಿಂಗಳಿಗೊಮ್ಮೆ ಯಾರು ಯಾರು ಕೇಳ್ತಾರ? ಅವರಾಗ ಯಾರಿಗೆ ಉತ್ತರ ಕೊಡಲೇಬೇಕು?" ಅಂದಳು. ಯೋಚಿಸಿದರೆ, ಗಂಡನನ್ನು ಬಿಟ್ಟು ಯಾರಿಗೂ ಕೊಡಬೇಕಿರಲಿಲ್ಲ. ಅಷ್ಟು ದಿನ ನಾನು ಊರಿಗೆಲ್ಲ ವರದಿ ಒಪ್ಪಿಸುತ್ತಿದ್ದೆ.

ಮಾನ್ವಿಗೆ ಬಂದ ಮೇಲೆ ಗಂಡ ತಾವೇ ಅವರ ತಾಯಿಗೆ ವಿಷಯ ಹೇಳಿದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನಗೆ ಕೇಳಿಸುತ್ತಿತ್ತು. ಅತ್ತೆ ಆಮೇಲೆ ಒಳಗೆ ಬಂದು, ನನ್ನ ಪಕ್ಕ ಕೂತು, ದನಿ ತಗ್ಗಿಸಿ ಅಂದರು: "ಇದನ್ನ ಹೊರಗ ಎಲ್ಲೂ ಹೇಳಬ್ಯಾಡ ಯವ್ವಾ. ಗಂಡಸಿನ ಮಾತು. ಮಂದಿ ನಗ್ತಾರ."

ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟೆ. "ನಂದು ಇದ್ದಾಗ ಕಲ್ಲೂರಾಗ ನಲವತ್ತು ಮಂದಿಗೆ ಹೇಳಿದ್ರಲ್ರಿ ಅತ್ತಿ? ಅವಾಗ ಮಂದಿ ನಗಲಿಲ್ಲೇನು?"

ಅತ್ತೆ ಎದ್ದು ಹೋದರು. ನಾನು ಹೊರಗೆ ಹೇಳಲಿಲ್ಲ, ಆದರೆ ಅವರು ಹೇಳಬೇಡ ಅಂದದ್ದಕ್ಕಲ್ಲ. ಊರು ಹಾಗೆ ನೋಡುವಾಗ ಮೈಗೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಅದನ್ನು ಗಂಡನ ಮೇಲೆ ಹಾಕಲು ಮನಸ್ಸು ಬರಲಿಲ್ಲ. ಆದರೆ ಅತ್ತೆ ತಿಂಗಳ ಲೆಕ್ಕ ಕೇಳುವುದನ್ನು ಅಂದಿಗೇ ಬಿಟ್ಟರು.

ಗಂಡನ ಆಪರೇಷನ್ ಆಯಿತು. ಮಿಲ್ಲಿನಲ್ಲಿ ಮಾಲಕರಿಗೆ ಏನೋ ನೆಪ ಹೇಳಿ ಬಾಯ್ಲರ್ ಬಿಟ್ಟು ಚೀಲ ತೂಗುವ ಕಡೆ ಬಂದರು. ಪಗಾರ ಸ್ವಲ್ಪ ಕಡಿಮೆಯಾಯಿತು. ಆಮೇಲೆ ತಿಂಗಳುಗಟ್ಟಲೆ ಕಾಯುವುದು, ಮತ್ತೆ ತಪಾಸಣೆ.

ಆ ಆಸ್ಪತ್ರೆಯ ಬೆಂಚಿನ ಮೇಲೆಯೇ ನನಗೆ ಹಿರೇಕೊಟ್ನೆಕಲ್ ಊರಿನ ಒಬ್ಬ ಹೆಂಗಸು ಸಿಕ್ಕಿದ್ದು. ನನಗಿಂತ ದೊಡ್ಡವಳು, ಭತ್ತ ನಾಟಿ ಮಾಡುವ ಕೂಲಿಗೆ ಹೋಗುವವಳು, ಮದುವೆಯಾಗಿ ಬಹಳ ವರ್ಷವಾಗಿತ್ತು. ಯಾವಾಗಲೂ ಒಬ್ಬಳೇ ಬರುತ್ತಿದ್ದಳು. ಬಸುರಿಯರ ಸಾಲು, ನಮ್ಮ ಸಾಲು, ಎರಡೂ ಎದುರುಬದುರು. ಅದನ್ನು ಯಾರು ಯೋಚಿಸಿ ಮಾಡಿದರೋ. ಅವಳು ನನ್ನ ಕಿವಿಯಲ್ಲಿ, "ಆ ಕಡಿ ನೋಡಬ್ಯಾಡ್ರಿ ಮೇಡಂ, ಗ್ವಾಡಿ ನೋಡ್ರಿ. ಗ್ವಾಡಿ ಏನೂ ಕೇಳಂಗಿಲ್ಲ" ಅಂದಳು. ಇಬ್ಬರೂ ಗೋಡೆ ನೋಡುತ್ತಾ ನಕ್ಕೆವು. ಆಸ್ಪತ್ರೆ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿಗೆ ಖಾರ ಹಾಕಿ ಕಲಸಿದ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ತಿನ್ನುವುದು ನಮ್ಮ ರೂಢಿಯಾಯಿತು. ಇಬ್ಬರ ಮನೆಯಲ್ಲೂ ಖಾರ ಬೇಡ ಅಂದಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ ತಿಂದೆವು. ಅಲ್ಲಿ ಕೂತಾಗ ಆಸ್ಪತ್ರೆಯ ಮಾತು ಆಡಬಾರದು ಅಂತ ಅವಳೇ ಕರಾರು ಮಾಡಿದ್ದಳು. ಅವಳು ಗದ್ದೆಯ ಜಗಳಗಳನ್ನು ಹೇಳುತ್ತಿದ್ದಳು, ನಾನು ಸ್ಟಾಫ್ ರೂಮಿನ ಜಗಳಗಳನ್ನು. ಆ ದಿನಗಳಲ್ಲಿ ನನ್ನ ಎದೆ ತಣ್ಣಗಿರುತ್ತಿದ್ದದ್ದು ಭಜಿ ಅಂಗಡಿಯ ಆ ಸ್ಟೂಲಿನ ಮೇಲೆ ಕೂತ ಅಷ್ಟು ಹೊತ್ತು.

ಕೊನೆಗೆ ಡಾಕ್ಟರು, ವೀರ್ಯವನ್ನು ಶುದ್ಧಮಾಡಿ ಸಣ್ಣ ನಳಿಕೆಯಿಂದ ಗರ್ಭಕೋಶದೊಳಗೆ ಬಿಡುವ ಚಿಕಿತ್ಸೆ ಮಾಡೋಣ ಅಂದರು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಅವರು ಹೇಳಿದ ದಿನವೇ ಕಾಲೇಜಿನಲ್ಲಿ ಪರೀಕ್ಷೆ. ನನಗೆ ಕೊಠಡಿ ಮೇಲ್ವಿಚಾರಣೆ ಹಾಕಿದ್ದರು. ಪ್ರಾಂಶುಪಾಲರಿಗೆ ಆಸ್ಪತ್ರೆ ಅಂತ ಹೇಳಿದೆ. ಅವರು ಯಾವ ಆಸ್ಪತ್ರೆ, ಯಾಕೆ ಅಂತ ಬಿಡಿಸಿ ಕೇಳಿ, ಎಲ್ಲ ತಿಳಿದುಕೊಂಡ ಮೇಲೆ ನಗುತ್ತಾ, "ಅಯ್ಯೋ ಮೇಡಂ, ಅದಕ್ಕ ಇಷ್ಟು ಟೆನ್ಶನ್ ಯಾಕ್ರಿ? ಮುಂದಿನ ತಿಂಗಳು ಹೋಗ್ರಿ. ಪರೀಕ್ಷಾ ಟೈಮಿನಾಗ ರಜಾ ಕೊಡಾಕ ಬರೂದಿಲ್ಲ" ಅಂದರು.

"ಸರ್, ದೇಹ ನಿಮ್ಮ ಟೈಮ್‌ಟೇಬಲ್ ನೋಡಂಗಿಲ್ಲ. ನಾ ಬರೂದಿಲ್ಲ. ಬೇಕಾದ್ರ ಕೆಲಸದಿಂದ ತಗದುಬಿಡ್ರಿ" ಅಂದು ಬಂದೆ.

ಮರುದಿನ ರಾಯಚೂರಿಗೆ ಹೋಗುವ ದಾರಿಯುದ್ದಕ್ಕೂ ಫೋನು. ಮೇಲ್ವಿಚಾರಣೆಗೆ ಬೇರೆಯವರಿಲ್ಲ, ನೋಟಿಸು ಕೊಡುತ್ತೇವೆ, ಮುಂದಿನ ವರ್ಷ ಕರೆಯುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗಲೂ ನನ್ನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಉಸಿರಾಟದ ವ್ಯಾಯಾಮ ನೆನಪಿಗೂ ಬರಲಿಲ್ಲ. ಪ್ರಾಂಶುಪಾಲರಿಗೆ ಏನೇನು ಬಯ್ಯಬೇಕು ಅಂತ ಮನಸ್ಸಿನಲ್ಲಿ ಬಯ್ಯುತ್ತಾ ಮಲಗಿದ್ದೆ. ಆಮೇಲಿನ ಎರಡು ವಾರ ಸರಿಯಾಗಿ ನಿದ್ದೆ ಮಾಡಿದ ನೆನಪಿಲ್ಲ. ಜೀವನದಲ್ಲೇ ನಾನು ಅಷ್ಟು ಟೆನ್ಶನ್ ಮಾಡಿಕೊಂಡ ತಿಂಗಳು ಇನ್ನೊಂದಿಲ್ಲ.

ಆ ತಿಂಗಳೇ ಬಸಿರು ನಿಂತಿತು.

ಈಗ ಮಗಳಿಗೆ ನಡೆಯಲು ಬರುತ್ತದೆ. ಅವಳು ಹುಟ್ಟಿದ ಮೇಲೆ ಮಾತಾಡಿಸಲು ಬಂದವರೆಲ್ಲ ಏನಂದರು ಗೊತ್ತೇ? "ನೋಡಿದೇನು, ಟೆನ್ಶನ್ ಬಿಟ್ಟಿ, ಆತು!" ಕೆಲಸ ಹೋದದ್ದೇ ಒಳ್ಳೆಯದಾಯಿತು ಅಂದರು. ಕಾಲೇಜಿನವರು ಮರುವರ್ಷ ನಿಜವಾಗಿಯೂ ಕರೆಯಲಿಲ್ಲ, ನಾನು ಬೇರೆ ಕಾಲೇಜು ಹುಡುಕಿಕೊಂಡೆ. ಗಂಡ ಆಪರೇಷನ್ ಮಾಡಿಸಿಕೊಂಡದ್ದು, ಬೆಂಕಿ ಬಿಟ್ಟದ್ದು, ನಾನು ಚುಚ್ಚಿಸಿಕೊಂಡ ಸೂಜಿಗಳು, ಎಲ್ಲ ಎಲ್ಲಿಗೆ ಹೋದವು? ಮೊದಲು ಆಗದ್ದಕ್ಕೆ ನನ್ನ ತಲೆ ಕಾರಣ, ಆಮೇಲೆ ಆದದ್ದಕ್ಕೂ ನನ್ನ ತಲೆಯೇ ಕಾರಣ. ಬಂದವರಿಗೆಲ್ಲ ನಾನು ನಡೆದದ್ದನ್ನು ಬಿಡಿಸಿ ಹೇಳುವ ಹಾಗಿರಲಿಲ್ಲ. ಗಂಡನ ಮುಖ ನೋಡಿ ಸುಮ್ಮನಾಗುತ್ತಿದ್ದೆ.

ಸುಮ್ಮನಿರಲು ಆಗದ ಹಾಗೆ ಮಾಡಿದ್ದು ಹಿರೇಕೊಟ್ನೆಕಲ್ಲಿನಿಂದ ಬಂದ ಫೋನು. ನನಗೆ ಮಗಳಾದಾಗ ಆ ಅಕ್ಕ, "ಭಾಳ ಖುಷಿ ಆತ್ರಿ ಮೇಡಂ. ಆದ್ರ ನೋಡಾಕ ಈಗ ಬರೂದಿಲ್ಲ, ಮನಸ್ಸು ಗಟ್ಟಿ ಆದ ಮ್ಯಾಲ ಬರ್ತೀನಿ" ಅಂದಿದ್ದಳು. ಸುಳ್ಳು ನಗು ತೋರಿಸದೆ ಹಾಗೆ ಹೇಳಿದ್ದು ನನಗೆ ಸಮಾಧಾನವೇ ಆಗಿತ್ತು. ಈಗ ಫೋನಿನಲ್ಲಿ ಅವಳ ದನಿ ಬೇರೆಯಾಗಿತ್ತು.

"ನಮ್ಮನಿಯಾಗ ನಿಮ್ಮ ಉದಾಹರಣಿ ಕೊಡ್ತಾರ್ರಿ. ಆ ಮೇಡಂ ಟೆನ್ಶನ್ ಬಿಟ್ಲು, ಹಡದ್ಲು. ನೀ ಬಿಡವಲ್ಲಿ ಅಂತ. ನನ್ನ ಗಂಡನಿಗೆ ಇನ್ನೊಂದು ಮದುವಿ ಮಾಡಾಕ ಹೆಣ್ಣು ನೋಡಾಕತ್ಯಾರ."

"ನಿನ್ನ ಗಂಡ ತಪಾಸಣಿ ಮಾಡಿಸ್ಯಾನೇನು ಅಕ್ಕಾ?"

"ಎಲ್ಲಿಂದ್ರಿ. ನನಗೇನಾಗ್ಯದ ಅಂತಾನ."

ನನ್ನ ಮಗುವನ್ನೇ ಕೋಲಿನ ಹಾಗೆ ಹಿಡಿದು ಅವಳಿಗೆ ಹೊಡೆಯುತ್ತಿದ್ದರು. ಮಿಲ್ಲಿನಿಂದ ಬಂದ ಗಂಡನಿಗೆ ಎಲ್ಲ ಹೇಳಿದೆ. "ನಾನು ಹೋಗಿ ಹೇಳಿದ್ರ ಹೆಣ್ಣಿನ ಮಾತು ಅಂತಾರ. ನೀವು ಬಾಯಿ ತೆಗೆಯದಿದ್ರ ಆಕಿ ಬಾಳೇ ಹೋಗ್ತದ" ಅಂದೆ. ಅವರು ಎರಡು ದಿನ ನನ್ನೊಡನೆ ಸರಿಯಾಗಿ ಮಾತೂ ಆಡಲಿಲ್ಲ. ರವಿವಾರ ಬೆಳಿಗ್ಗೆ ತಾವೇ ಗಾಡಿ ಒರೆಸಿ, "ನಡಿ" ಅಂದರು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಹೊರಟೆವು.

ಆ ಅಕ್ಕನ ಗಂಡ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವನು. ಮನೆಯ ಎದುರಿನ ಚಹಾದ ಅಂಗಡಿಯ ಹತ್ತಿರ ಇನ್ನಿಬ್ಬರ ಜೊತೆ ಕೂತಿದ್ದ. ಅವನೊಬ್ಬನನ್ನೇ ಪಕ್ಕಕ್ಕೆ ಕರೆಯುತ್ತಾರೆ ಅಂದುಕೊಂಡಿದ್ದೆ. ಗಂಡ ಕರೆಯಲಿಲ್ಲ. ಅಲ್ಲೇ, ಆ ಇಬ್ಬರ ಎದುರಿಗೇ ಬೆಂಚಿನ ಮೇಲೆ ಕೂತು ಚಹಾ ಹೇಳಿ, "ನಾವು ನಿಮ್ಮ ಮನಿಯಾಕಿ ಜೊತಿ ಆಸ್ಪತ್ರಿಗೆ ಬರ್ತಿದ್ದವರು" ಅಂತ ಗುರುತು ಹೇಳಿದರು. ಅವನು ಹುಬ್ಬು ಗಂಟು ಹಾಕಿದ.

"ನಮಗ ಕೂಸು ಆಗದೆ ಇದ್ದದ್ದು ಇಕಿ ಟೆನ್ಶನ್‌ನಿಂದ ಅಲ್ಲ" ಅಂದರು ಗಂಡ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ನನ್ನೊಳಗ ತೊಂದ್ರಿ ಇತ್ತು. ಆಪರೇಷನ್ ಮಾಡಿಸಿದೆ. ಬಾಯ್ಲರ್ ಬಿಟ್ಟೆ. ಆ ಮ್ಯಾಲ ಆತು."

ಆ ಇಬ್ಬರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಗಂಡ ಅವನ ಕಡೆ ತಿರುಗಿ, "ನಗೂ ಮಾತಲ್ಲ ತಮ್ಮಾ" ಅಂದರು. ಅವನು ನಗು ನಿಲ್ಲಿಸಿದ. ಟ್ರ್ಯಾಕ್ಟರಿನವನು ಮುಖ ಕೆಂಪಗೆ ಮಾಡಿಕೊಂಡು, "ನಮ್ಮನಿ ಮಾತು ನಿಮಗ್ಯಾಕ್ರಿ?" ಅಂತ ಎದ್ದುಹೋದ. ಅಕ್ಕ ಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಾವು ಬಂದದ್ದರಿಂದ ಅವಳಿಗೆ ಇನ್ನಷ್ಟು ಕಷ್ಟವಾಯಿತೇನೋ ಅಂತ ಅಂಜಿಕೆಯಾಯಿತು.

ವಾಪಸ್ಸು ಬರುವಾಗ ಗಂಡ ದಾರಿಯಲ್ಲಿ ಗಾಡಿ ನಿಲ್ಲಿಸಿದರು. ಕಾಲುವೆಯ ನೀರಿನಲ್ಲಿ ಮುಖ ತೊಳೆದುಕೊಂಡರು. "ಇಷ್ಟು ದಿನ ನೀ ಹೆಂಗ ತಡಕೊಂಡಿ?" ಅಂದರು. ನನ್ನ ಉತ್ತರಕ್ಕೆ ಕಾಯದೆ ಗಾಡಿ ಚಾಲೂ ಮಾಡಿದರು.

ಒಂದು ವಾರ ಅಕ್ಕನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂತು. ಪಿಸುಮಾತಿನಲ್ಲಿ ಹೇಳುತ್ತಿದ್ದಳು:

"ಮೇಡಂ, ಇವ ಯಾರಿಗೂ ಹೇಳದಂಗ ಅಂಗಿ ಇಸ್ತ್ರಿ ಮಾಡಿಸ್ಯಾನ್ರಿ. ಆಸ್ಪತ್ರಿಗೆ ಹೋಗಾಕ ರಾಯಚೂರ ಬಸ್ಸು ಎಷ್ಟೊತ್ತಿಗದ ಅಂತ ಕೇಳಾಕತ್ಯಾನ."